ಆ ಕೋಟು ನಾನು ಹೊಲಿದದ್ದು

ಭಾಮೈದನ ರೈಲು ಐದು ಗಂಟೆ ತಡ ಎಂದು ಸ್ಟೇಷನ್ನಿನ ಧ್ವನಿವರ್ಧಕ ಕೆಮ್ಮುತ್ತ ಹೇಳಿದ ಕ್ಷಣವೇ ಟೇಪಣ್ಣನ ದಿನ ಕೆಟ್ಟಿತು.

ಟೇಪಣ್ಣ ಆ ಊರಿನ ದರ್ಜಿ. ಊಟಕ್ಕೆ ಕೂತರೂ ಕೊರಳಿನಿಂದ ಅಳತೆ ಟೇಪು ಇಳಿಸುತ್ತಿರಲಿಲ್ಲವಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು; ಹೆತ್ತವರು ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಭಾಮೈದ, ಅಂದರೆ ಹೆಂಡತಿಯ ತಮ್ಮ, ದೊಡ್ಡ ನಗರವೊಂದರ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಇಡೀ ನಗರ ತನ್ನ ದಯೆಯಿಂದಲೇ ಸ್ನಾನ ಮಾಡುತ್ತಿದೆ ಎಂಬಂತೆ ಮಾತಾಡುವವನು. ಎಲ್ಲಿಗೋ ಹೋಗುವ ದಾರಿಯಲ್ಲಿ ರೈಲು ಬದಲಿಸಲು ಇಲ್ಲಿ ಇಳಿದಿದ್ದ. ಇಳಿದವನು ಅಕ್ಕನ ಮನೆಯಲ್ಲಿ ಎರಡು ಲೋಟ ಚಹಾ ಕುಡಿದು, ಅಂಗಡಿಗೆ ಬಂದು, ಹೊಲಿಗೆ ಯಂತ್ರದ ಸದ್ದು ಸರಿಯಿಲ್ಲ, ಬಾಗಿಲು ತಪ್ಪು ದಿಕ್ಕಿಗಿದೆ, ಈ ಕಾಲದಲ್ಲಿ ಬಟ್ಟೆ ಹೊಲಿಸುವವರು ಯಾರು ಎಂದೆಲ್ಲ ಅರ್ಧ ಗಂಟೆಯಲ್ಲಿ ತೀರ್ಪು ಕೊಟ್ಟಿದ್ದ.

ಐದು ಗಂಟೆ ಹೀಗೇ ಕಳೆದರೆ ಗಂಡ ಕತ್ತರಿಗೆ ಬೇರೆ ಕೆಲಸ ಹುಡುಕಿಯಾನೆಂದು ಹೆದರಿದ ಹೆಂಡತಿ, ಇವನನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿ ಎಂದಳು. ಟೇಪಣ್ಣ ಈವರೆಗೆ ಅಲ್ಲಿಗೆ ಕಾಲಿಟ್ಟವನಲ್ಲ. ಹಳೆಯ ಸಾಮಾನು ನೋಡಬೇಕೆಂದರೆ ಅವನಿಗೆ ತನ್ನ ಅಂಗಡಿಯೇ ಸಾಕಿತ್ತು. ಆದರೂ ಹೊರಟ.

ಆ ಪುಟ್ಟ ಊರಿನಲ್ಲಿ ಮ್ಯೂಸಿಯಮ್ಮುಗಳು ಎರಡಿದ್ದವು. ಉಗಿಬಂಡಿಗಳ ಕಾಲದಲ್ಲಿ ಪ್ರತಿಯೊಂದು ರೈಲೂ ನೀರು ತುಂಬಿಸಿಕೊಳ್ಳಲು ಇಲ್ಲಿ ನಿಲ್ಲುತ್ತಿತ್ತು. ಡೀಸೆಲ್ ಇಂಜಿನ್ನು ಬಂದ ಮೇಲೆ ರೈಲಿಗೂ ಬಾಯಾರಿಕೆ ಹೋಯಿತು, ಊರಿಗೂ ಕಳೆ ಹೋಯಿತು. ಈಗ ಪ್ಯಾಸೆಂಜರ್ ರೈಲುಗಳಷ್ಟೇ ನಿಲ್ಲುತ್ತಿದ್ದವು; ಎಕ್ಸ್‌ಪ್ರೆಸ್ಸು ದಿನಕ್ಕೊಮ್ಮೆ ಧೂಳೆಬ್ಬಿಸಿ ನಿಲ್ಲದೆ ಹೋಗುತ್ತಿತ್ತು. ಉಳಿದದ್ದು ಚರಿತ್ರೆ ಒಂದೇ. ಅದನ್ನೂ ಜನ ಹಂಚಿಕೊಂಡಿದ್ದರು. ಹಳಿಯ ಈ ಕಡೆ, ಹಳೆಯ ಗೂಡ್ಸ್ ಶೆಡ್ಡಿನಲ್ಲಿ, ಚರಿತ್ರೆಯ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರ ಮ್ಯೂಸಿಯಮ್ಮು. ಹಳಿಯ ಆ ಕಡೆ, ಪಾಳುಬಿದ್ದ ಸಿಗ್ನಲ್ ಕ್ಯಾಬಿನ್ನಿನಲ್ಲಿ, ಊರೂರಿನ ಸ್ಟೇಷನ್ನುಗಳಲ್ಲಿ ಮೂವತ್ತು ವರ್ಷ ಟಿಕೆಟ್ ಕೊಟ್ಟು ಕೊನೆಗೆ ಇಲ್ಲಿ ನಿವೃತ್ತಳಾದ ಬುಕಿಂಗ್ ಅಕ್ಕನ ಮ್ಯೂಸಿಯಮ್ಮು. ಇಬ್ಬರಿಗೂ ಒಂಬತ್ತು ವರ್ಷದಿಂದ ಮಾತಿರಲಿಲ್ಲ.

ಗೂಡ್ಸ್ ಶೆಡ್ಡಿನಲ್ಲಿ ಅಂದು ಗಡಿಬಿಡಿ. ನೆಲ ಒರೆಸಿ, ಲಾಟೀನುಗಳಿಗೆ ಪಾಲಿಶ್ ಹಾಕಿ, ಮೇಷ್ಟ್ರು ಕೈಯಲ್ಲಿ ಬೆತ್ತ ಹಿಡಿದು ಓಡಾಡುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ರಾಜಧಾನಿಯಿಂದ ಒಬ್ಬ ತಜ್ಞೆ ಬರುವವಳಿದ್ದಳು. ಅವಳು ನೋಡಿ ಒಪ್ಪಿದರೆ ಊರು ಚಾರಿತ್ರಿಕ ರೈಲು ಊರುಗಳ ಪಟ್ಟಿಗೆ ಸೇರುತ್ತದೆ. ಪಟ್ಟಿಗೆ ಸೇರಿದರೆ ಎಕ್ಸ್‌ಪ್ರೆಸ್ಸು ದಿನಾ ಎರಡು ನಿಮಿಷ ಇಲ್ಲಿ ನಿಲ್ಲುತ್ತದೆ. ಆ ಎರಡು ನಿಮಿಷಕ್ಕಾಗಿ ಊರು ಹದಿನಾಲ್ಕು ಅರ್ಜಿ ಬರೆದಿತ್ತು.

ಮೇಷ್ಟ್ರು ಮೊದಲ ತಂತಿ ಯಂತ್ರ, ಮೊದಲ ಗಂಟೆ, ಮೊದಲ ಬೆಂಚು ಎಲ್ಲ ತೋರಿಸಿದರು. ಬೆಂಚಿನ ಮೇಲೆ ಭಾಮೈದ ಕೂರಲು ಹೋಗಿ ಬೆತ್ತದ ತುದಿಯಿಂದ ಎಬ್ಬಿಸಿಕೊಂಡ. ಕೊನೆಯಲ್ಲಿ ಗಾಜಿನ ದೊಡ್ಡ ಪೆಟ್ಟಿಗೆ. ಒಳಗೆ ಮರದ ಬೊಂಬೆಗೆ ತೊಡಿಸಿದ ದಪ್ಪ ನೀಲಿ ಉಣ್ಣೆಯ ಕೋಟು. ಎರಡು ಸಾಲು ಹಿತ್ತಾಳೆ ಗುಂಡಿ. ಕೆಳಗೆ ಚೀಟಿ: 'ಈ ಊರಿನ ಮೊದಲ ಸ್ಟೇಷನ್ ಮಾಸ್ಟರರ ಕೋಟು. ನೂರ ಇಪ್ಪತ್ತೆರಡು ವರ್ಷ ಹಳೆಯದು.'

ಭಾಮೈದ ಗಾಜಿಗೆ ಮೂಗು ಒತ್ತಿ ನಿಟ್ಟುಸಿರು ಬಿಟ್ಟ. "ನೋಡಿ ಭಾವ, ಇದು ಕೈ ಕೆಲಸ ಅಂದ್ರೆ. ಈ ಕಾಜಾ ನೋಡಿ, ಗುಂಡಿ ತೂತಲ್ಲೂ ಒಂದು ಶಿಸ್ತು. ಈಗಿನ ಟೈಲರುಗಳು ಇಂಥದ್ದನ್ನ ಕನಸಲ್ಲಾದ್ರೂ ಹೊಲೀತಾರಾ. ನೀವು ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿದುಕೊಳ್ಳಲು ಟೇಪಣ್ಣನಿಗೆ ಪುರುಸೊತ್ತಿರಲಿಲ್ಲ. ಅವನು ಕಾಜಾಗಳನ್ನು ನೋಡುತ್ತಿದ್ದ. ಜಾತ್ರೆಯ ಗದ್ದಲದಲ್ಲಿ ತನ್ನ ಮಗುವನ್ನು ಬೇರೆ ಯಾರೋ ಎತ್ತಿಕೊಂಡು ನಿಂತದ್ದನ್ನು ಕಂಡ ತಂದೆಯ ಹಾಗೆ ಅವನ ಎದೆ ಹೊಡೆದುಕೊಂಡಿತು. ತೋಳಿನ ತಿರುವು, ಜೇಬಿನ ಮೂಲೆ, ಗುಂಡಿಯ ಕೆಳಗೆ ನೂಲನ್ನು ನಾಲ್ಕು ಸುತ್ತು ಸುತ್ತಿದ ರೀತಿ.

"ಇದು ನಾನು ಹೊಲಿದದ್ದು," ಎಂದ.

ಭಾಮೈದ ನಕ್ಕ. ಮೇಷ್ಟ್ರು ನಗಲಿಲ್ಲ. ಪರೀಕ್ಷೆಯಲ್ಲಿ ಮಾತಾಡಿದ ಹುಡುಗನನ್ನು ನೋಡುವಂತೆ ಕನ್ನಡಕದ ಮೇಲಿಂದ ನೋಡಿದರು. ಟೇಪಣ್ಣ ವಿವರಿಸಿದ. ಇಪ್ಪತ್ತೆರಡು ವರ್ಷದ ಹಿಂದೆ ಹಳಿಗೆ ನೂರು ತುಂಬಿತು. ಮೆರವಣಿಗೆಗೆಂದು ಆಗಿನ ಸ್ಟೇಷನ್ ಮಾಸ್ಟರು ಹೊಲಿಸಿದ್ದು ಇದು. ಮೆರವಣಿಗೆ ಹೊರಟು ಹತ್ತೇ ನಿಮಿಷಕ್ಕೆ ಮಳೆ ಸುರಿದು ಎಲ್ಲರೂ ಓಡಿದರು; ಬಣ್ಣ ಹೀಗೆ ಮಾಸಿದ್ದು ಅದಕ್ಕೇ. ಮೇಷ್ಟ್ರು ಈ ಊರಿಗೆ ಬಂದು ಹನ್ನೆರಡು ವರ್ಷ. ಅವರಿಗೆ ಮೆರವಣಿಗೆಯೂ ಗೊತ್ತಿಲ್ಲ, ಮಳೆಯೂ ಗೊತ್ತಿಲ್ಲ. ಅವರಿಗೆ ಗೊತ್ತಿದ್ದದ್ದು, ಈ ಕೋಟು ಸ್ಟೇಷನ್ನಿನ ಉಗ್ರಾಣದಲ್ಲಿ ಹಳೆಯ ಪೆಟ್ಟಿಗೆಯೊಳಗೆ ಸಿಕ್ಕಿತು, ಮತ್ತು ಇದರ ಬಗ್ಗೆ ತಾವು ನಲವತ್ತು ಪುಟದ ಪುಸ್ತಕ ಅಚ್ಚು ಹಾಕಿಸಿದ್ದಾಗಿದೆ ಎಂಬುದು.

"ಕಾಲರು ಎತ್ತಿ ನೋಡಿ ಮೇಷ್ಟ್ರೇ. ಕೆಳಗೆ ಹಸಿರು ನೂಲಲ್ಲಿ ಮೂರು ಹೊಲಿಗೆ ಇರುತ್ತೆ. ನಾನು ಹೊಲಿಯೋ ಪ್ರತಿ ಕೋಟಲ್ಲೂ ಹಾಕ್ತೀನಿ. ಇಲ್ಲದಿದ್ರೆ ಇಲ್ಲೇ ನಿಮ್ಮ ಕಾಲಿಗೆ ಬೀಳ್ತೀನಿ."

ಅದನ್ನು ಮುಟ್ಟುವುದಕ್ಕೆ ತಮಗೇ ಅಧಿಕಾರವಿಲ್ಲ, ಇನ್ನು ದರ್ಜಿಗೆಲ್ಲಿಂದ ಬರಬೇಕು ಎಂದು ಮೇಷ್ಟ್ರು ಬಾಗಿಲು ತೋರಿಸಿದರು.

ಬಾಗಿಲಾಚೆ ಸುದ್ದಿ ಟೇಪಣ್ಣನಿಗಿಂತ ಮುಂದೆ ಹೋಗಿತ್ತು. ಭಾಮೈದ ಕ್ಷೌರದಂಗಡಿಯ ಮುಂದೆ ನಿಂತು ನಗುತ್ತ ಹೇಳಿದ್ದೇ ತಡ, ಕ್ಷೌರಿಕ ಅರ್ಧ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಎದ್ದು ಬಂದ. ಹಿಂದೆಯೇ ಸೋಪಿನ ನೊರೆ ಮೆತ್ತಿಕೊಂಡ ಗಿರಾಕಿಯೂ ಬಂದ. ಎಲ್ಲರ ಮಾತೂ ಒಂದೇ: ಹೊಲಿದಿರಬಹುದಪ್ಪ, ಇಲ್ಲವೆಂದವರು ಯಾರು, ಇವತ್ತೊಂದು ದಿನ ಸುಮ್ಮನಿರು, ನಾಳೆ ಬೇಕಾದರೆ ಇಡೀ ಸ್ಟೇಷನ್ನೇ ನಾನು ಹೊಲಿದದ್ದು ಅನ್ನು. ಕ್ಷೌರಿಕ ಹೆಗಲ ಮೇಲೆ ಕೈಯಿಟ್ಟು ಎಕ್ಸ್‌ಪ್ರೆಸ್ಸು ನಿಂತರೆ ಎಷ್ಟು ತಲೆ ಇಳಿಯುತ್ತವೆ, ಎಷ್ಟು ಮೈ ಇಳಿಯುತ್ತವೆ ಎಂದು ಲೆಕ್ಕ ಹೇಳಿದ. ತಲೆ ತನಗೆ, ಮೈ ಟೇಪಣ್ಣನಿಗೆ.

"ಆಗಲ್ಲ," ಎಂದ ಟೇಪಣ್ಣ. "ನನ್ನ ಕೆಲಸಾನ ನನ್ನ ಮುಂದೇನೇ ಸತ್ತವನೊಬ್ಬನಿಗೆ ಕೊಟ್ಟು, ನಿನಗೆ ಬರಲ್ಲ ಅಂತಾರೆ. ನಾನು ಸುಮ್ಮನಿರಲ್ಲ."

ಕೋಪ ಬಂದಾಗ ಜೋರಾಗಿ ನಡೆಯುವುದು ಅವನ ಅಭ್ಯಾಸ. ಆ ರಭಸದಲ್ಲೇ ಕಾಲುಸೇತುವೆ ಹತ್ತಿ ಹಳಿ ದಾಟಿ ಬುಕಿಂಗ್ ಅಕ್ಕನ ಕ್ಯಾಬಿನ್ನಿಗೆ ಹೋದ. ಭಾಮೈದ ಹಿಂದೆಯೇ, ಉಸಿರು ಬಿಡುತ್ತ, ಇಂಥ ಮನರಂಜನೆ ನಗರದಲ್ಲಿ ಸಿಗುವುದಿಲ್ಲ ಎನ್ನುತ್ತ.

ಮೇಷ್ಟ್ರ ಕೋಟು ಸುಳ್ಳು ಎಂದು ಕೇಳಿದಾಗ ಬುಕಿಂಗ್ ಅಕ್ಕನ ಮುಖ ಹುಣ್ಣಿಮೆಯಾಯಿತು. ಕುರ್ಚಿ ಎಳೆದಳು, ಫ್ಯಾನು ಹಾಕಿದಳು, ಚಹಾ ಕೊಟ್ಟಳು. ಹಸಿರು ನೂಲಿನ ವಿಷಯವನ್ನು ಮೂರು ಸಲ ಹೇಳಿಸಿ ಬರೆದುಕೊಂಡಳು. ತಜ್ಞೆಯ ಮುಂದೆ ಇದನ್ನೇ ಹೇಳಬೇಕು, ಹೆದರಬಾರದು, ಸತ್ಯವಂತರಿಗೆ ಹಳಿಯ ಈ ಕಡೆ ಯಾವತ್ತೂ ಜಾಗವಿದೆ ಎಂದಳು. "ಆ ಮೇಷ್ಟ್ರಿಗೆ ನಿಜವಾದದ್ದು ಯಾವುದು ಅಂತ ಗೊತ್ತಾಗೋದಾದ್ರೂ ಹೇಗೆ ತಮ್ಮಾ. ನಿಜವಾದದ್ದು ನನ್ನ ಹತ್ರ ಇದೆ. ಬಾ, ತೋರಿಸ್ತೀನಿ."

ಪರದೆ ಸರಿಸಿದಳು. ಅಲ್ಲೂ ಒಂದು ಬೊಂಬೆ, ಅಲ್ಲೂ ನೀಲಿ ಕೋಟು, ಅಲ್ಲೂ ಅದೇ ಚೀಟಿ. ನಿವೃತ್ತ ಗೇಟುಕಾಯುವವನ ಮನೆಯವರು ಅಟ್ಟದಿಂದ ತೆಗೆದು ಕೊಟ್ಟದ್ದಂತೆ.

ಟೇಪಣ್ಣ ಚಹಾದ ಲೋಟ ಹಿಡಿದು ನಿಂತ. ಆಗ ನೆನಪಾಯಿತು. ಅವತ್ತು ಹೊಲಿದದ್ದು ಎರಡು ಕೋಟು. ಮೊದಲ ಸ್ಟೇಷನ್ ಮಾಸ್ಟರರ ವೇಷ ಯಾವ ಕಡೆಯವರು ಹಾಕಬೇಕೆಂದು ಜಗಳ ಹತ್ತಿ, ಕೊನೆಗೆ ಹಳಿಯ ಎರಡೂ ಕಡೆಯಿಂದ ಒಬ್ಬೊಬ್ಬ ಮೊದಲ ಸ್ಟೇಷನ್ ಮಾಸ್ಟರು ಹೊರಡುವುದೆಂದು ತೀರ್ಮಾನವಾಗಿತ್ತು. ಈಗ ಬಾಯಿ ಮುಚ್ಚಿಕೊಂಡಿದ್ದರೆ ಅವನಿಗೆ ಊರಿನ ಅರ್ಧವಾದರೂ ಉಳಿಯುತ್ತಿತ್ತು. ಒಂದು ಗುಟುಕು ಚಹಾ ಕುಡಿದು ಧೈರ್ಯ ತಂದುಕೊಂಡ.

"ಅಕ್ಕಾ, ಇದೂ ನಂದೇ."

ಬುಕಿಂಗ್ ಅಕ್ಕ ಅವನ ಕೈಯಿಂದ ಲೋಟ ತೆಗೆದುಕೊಂಡಳು, ಫ್ಯಾನು ಆರಿಸಿದಳು, ಮೂವತ್ತು ವರ್ಷ ಕಿಟಕಿ ಮುಚ್ಚಿದ ಕೈಯಿಂದ ಕ್ಯಾಬಿನ್ನಿನ ಬಾಗಿಲು ಮುಚ್ಚಿದಳು. ಅವನು ಹೊರಗಿದ್ದ.

ಅದಾಗಿ ಅರ್ಧ ಗಂಟೆಗೆ ಊರು ಒಂಬತ್ತು ವರ್ಷದಿಂದ ಕಾಣದ ದೃಶ್ಯ ಕಂಡಿತು. ಕಾಲುಸೇತುವೆಯ ಸರಿಯಾಗಿ ನಡುವೆ ಮೇಷ್ಟ್ರು ಮತ್ತು ಬುಕಿಂಗ್ ಅಕ್ಕ ನಿಂತು ಮಾತಾಡಿದರು. ಒಪ್ಪಂದ ಹೀಗಾಯಿತು: ಎರಡೂ ಕೋಟನ್ನು ಗೂಡ್ಸ್ ಶೆಡ್ಡಿನಲ್ಲೇ ಅಕ್ಕಪಕ್ಕ ಇಡುವುದು, ಒಂದು ಚಳಿಗಾಲದ್ದು, ಇನ್ನೊಂದು ಮಳೆಗಾಲದ್ದು ಎನ್ನುವುದು, ತಜ್ಞೆ ಹೋಗುವ ತನಕ ದರ್ಜಿಯನ್ನು ಅವನ ಅಂಗಡಿಯಿಂದ ಅಲ್ಲಾಡಲು ಬಿಡದಿರುವುದು. ಕಾವಲಿಗೆ ಯಾರು ಎಂಬ ಪ್ರಶ್ನೆ ಬಂದಾಗ ಭಾಮೈದ ತಾನಾಗಿಯೇ ಕೈಯೆತ್ತಿದ. ಕ್ಷೌರಿಕ ಬೀದಿಯ ಆ ಬದಿಯಿಂದ ಕಣ್ಣಿಟ್ಟ.

ಎರಡೂವರೆಗೆ ಟೇಪಣ್ಣ ತನ್ನ ಅಂಗಡಿಯಲ್ಲೇ ಕೈದಿಯಾಗಿ ಕೂತಿದ್ದ. ಬಾಗಿಲಿಗೆ ಅಡ್ಡವಾಗಿ ಸ್ಟೂಲು ಹಾಕಿಕೊಂಡ ಭಾಮೈದ, ಹಠ ಮಾಡುವವರ ರಕ್ತದೊತ್ತಡದ ಬಗ್ಗೆ ತಿಳಿವಳಿಕೆ ಹೇಳುತ್ತಿದ್ದ. ಅಷ್ಟರಲ್ಲಿ ಹೆಂಡತಿ ಬಂದಳು. ಅವಳಿಗೆ ಬೆಳಗಿನಿಂದ ಏಳು ಜನ ಏಳು ಥರ ಹೇಳಿದ್ದರು. ಅವಳು ತಮ್ಮನನ್ನು ದಾಟಿ ಒಳಗೆ ಬಂದು ಗಂಡನ ಎದುರು ನಿಂತಳು.

"ರೀ, ಆ ಕೋಟು ನೀವು ಹೊಲಿದಿದ್ದು ನಿಜಾನಾ?"

"ನಿಜ. ಎರಡೂ."

"ಮತ್ತೆ ಯಾಕೆ ಕೂತಿದೀರಾ?"

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಹೆಂಡತಿ ಅವನ ಪಕ್ಷ ವಹಿಸಿದ್ದು ಅದು ಮೂರನೆಯ ಸಲವೋ ನಾಲ್ಕನೆಯದೋ. ಟೇಪಣ್ಣ ಎದ್ದ. ಭಾಮೈದ ಸ್ಟೂಲಿನಿಂದ ಏಳದೆ, ಅಕ್ಕಾ ನೀನು ಮಧ್ಯ ಬರಬೇಡ ಎಂದ. ಅಕ್ಕ ಸ್ಟೂಲನ್ನೇ ಎಳೆದಳು. ಅವನು ಬಟ್ಟೆಯ ಚೂರುಗಳ ರಾಶಿಯ ಮೇಲೆ ಮೆತ್ತಗೆ ಕೂತ. ಬೀದಿಯಾಚೆಯಿಂದ ಓಡಿಬರಲು ಕ್ಷೌರಿಕನಿಗೂ ಆಗಲಿಲ್ಲ. ಈ ಸಲದ ಗಿರಾಕಿ ಅವನ ಅಂಗಿ ಬಿಗಿಯಾಗಿ ಹಿಡಿದುಕೊಂಡಿದ್ದ.

ಶೆಡ್ಡಿನಲ್ಲಿ ಊರೆಲ್ಲ ಸೇರಿತ್ತು. ತಜ್ಞೆ ಪುಟ್ಟ ಆಳು. ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಮಾತು ಕಡಿಮೆ. ಮೇಷ್ಟ್ರು ಚಳಿಗಾಲದ ಕೋಟನ್ನೂ ಬುಕಿಂಗ್ ಅಕ್ಕ ಮಳೆಗಾಲದ ಕೋಟನ್ನೂ ವರ್ಣಿಸಿ ಮುಗಿಸುವ ಹೊತ್ತಿಗೆ ಟೇಪಣ್ಣ ಜನರ ನಡುವೆ ನುಗ್ಗಿ ಮುಂದೆ ಬಂದ. ಯಾರೋ ಅಂಗಿ ಎಳೆದರು, ಯಾರೋ ಕೊರಳಿನ ಟೇಪು ಎಳೆದರು. ಟೇಪು ಅವರ ಕೈಯಲ್ಲೇ ಉಳಿಯಿತು, ಅವನು ನಿಲ್ಲಲಿಲ್ಲ.

"ಮೇಡಮ್, ನಾನು ಈ ಊರಿನ ಟೈಲರ್. ಈ ಎರಡು ಕೋಟೂ ನಾನು ಹೊಲಿದದ್ದು. ಕಾಲರು ಎತ್ತಿ ನೋಡಿ, ಮೂರು ಹಸಿರು ಹೊಲಿಗೆ ಇಲ್ಲದಿದ್ರೆ ನನ್ನನ್ನ ಇಲ್ಲಿಂದ ಎತ್ತಿ ಬಿಸಾಕಿ."

ಎತ್ತಿ ಬಿಸಾಕಲು ತಯಾರಾಗಿ ಕೆಲವರು ಮುಂದೆ ಬಂದರು. ತಜ್ಞೆ ಕೈಯೆತ್ತಿ ತಡೆದಳು. ಗಾಜು ತೆಗೆಸಿದಳು. ಕಾಲರು ಎತ್ತಿ ಭೂತಗನ್ನಡಿ ಹಿಡಿದಳು. ಆಮೇಲೆ ಇನ್ನೊಂದು ಕೋಟಿನದ್ದೂ ನೋಡಿದಳು.

"ಮೂರು ಹಸಿರು ಹೊಲಿಗೆ," ಎಂದಳು. "ಎರಡರಲ್ಲೂ."

ಟೇಪಣ್ಣ ಎದೆ ಸೆಟೆಸಿ ಸುತ್ತ ನೋಡಿದ. ಯಾರೂ ಅವನನ್ನು ನೋಡಲಿಲ್ಲ. ಎಲ್ಲರೂ ತಜ್ಞೆ ಮುಚ್ಚುತ್ತಿದ್ದ ಟಿಪ್ಪಣಿ ಪುಸ್ತಕವನ್ನೇ ನೋಡುತ್ತಿದ್ದರು. ಮೇಷ್ಟ್ರು ತಾವೇ ಯಾರನ್ನೂ ಕೂರಲು ಬಿಡದಿದ್ದ ಬೆಂಚಿನ ಮೇಲೆ ಕುಸಿದರು. ಬುಕಿಂಗ್ ಅಕ್ಕ ಅವರ ಪಕ್ಕ ಕೂತಳು. ಹಿಂದಿನಿಂದ ಯಾರೋ, ಹೋಯ್ತು ಎಕ್ಸ್‌ಪ್ರೆಸ್ಸು, ಎಂದರು. ಗೆದ್ದವನು ಮಾತ್ರ ತಲೆ ಬಗ್ಗಿಸಲಿಲ್ಲ. ಕೆಲಸ ತನ್ನದು, ಹೇಳಿದ್ದಾಯಿತು.

ಹೊರಡಲೆಂದು ತಿರುಗಿದ ತಜ್ಞೆ ಮತ್ತೆ ಕೋಟಿನ ಬೆನ್ನು ನೋಡಿದಳು. "ಒಂದು ಮಾತು. ಬೆನ್ನಲ್ಲಿ ಹೀಗೆ ನೆರಿಗೆ ಹಿಡಿಯೋದು ನಿಂತು ಎಷ್ಟೋ ಕಾಲ ಆಯ್ತು. ಪುಸ್ತಕದಲ್ಲೂ ಸಿಗಲ್ಲ. ನಿಮಗೆ ಇದನ್ನ ಯಾರು ಕಲಿಸಿದ್ರು?"

ಅವನ ವಿದ್ಯೆಯನ್ನು ಆ ದಿನ ಮೊದಲ ಬಾರಿಗೆ ಯಾರೋ ಗೌರವದಿಂದ ಕೇಳಿದ್ದರು. ಟೇಪಣ್ಣ ಅರಳಿದ. "ಯಾರೂ ಕಲಿಸಿಲ್ಲ ಮೇಡಮ್. ಕಣ್ಣಲ್ಲಿ ನೋಡಿದ್ದನ್ನ ಕೈ ಹೊಲಿಯುತ್ತೆ. ಮಾದರಿಗೆ ಅಂತ ಸ್ಟೇಷನ್ ಮಾಸ್ಟರು ಉಗ್ರಾಣದಿಂದ ಒಂದು ಹಳೇ ಕೋಟು ತಂದುಕೊಟ್ಟಿದ್ರು. ಅದನ್ನ ನೋಡಿ ಹೊಲಿದೆ."

ತಜ್ಞೆಯ ಪುಸ್ತಕ ಮತ್ತೆ ತೆರೆಯಿತು. "ಆ ಹಳೇ ಕೋಟು ಎಲ್ಲಿದೆ?"

ಟೇಪಣ್ಣ ಉತ್ತರಕ್ಕೆಂದು ಬಾಯಿ ತೆರೆದ. ಬಾಯಿ ತೆರೆದೇ ಉಳಿಯಿತು. ಬಾಗಿಲ ಬಳಿ ನಿಂತಿದ್ದ ಹೆಂಡತಿಗೆ ಅವನಿಗಿಂತ ಮೊದಲೇ ಹೊಳೆದಿರಬೇಕು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೊತ್ತಿಲ್ಲ ಎಂದುಬಿಡಬಹುದಿತ್ತು. ಕಳೆದುಹೋಯಿತು ಎನ್ನಬಹುದಿತ್ತು. ಆದರೆ ಬೆಳಗಿನಿಂದ ನಿಜವೆಂದು ಕಿರುಚಿದ ನಾಲಿಗೆಗೆ ಒಮ್ಮೆಗೇ ಬೇರೆ ರುಚಿ ಹತ್ತಲಿಲ್ಲ.

"ಇಸ್ತ್ರಿ ಮೇಜಿನ ಮೇಲಿದೆ," ಎಂದ. "ಹಾಸಿಗೆ ಮಾಡ್ಕೊಂಡಿದೀನಿ. ಅದರ ಮೇಲೇ ಇಸ್ತ್ರಿ ಮಾಡೋದು."

ಆ ಸ್ಟೇಷನ್ ಮಾಸ್ಟರಿಗೆ ಮೆರವಣಿಗೆಯಾದ ವಾರವೇ ವರ್ಗವಾಗಿತ್ತು. ಹಳೆಯ ಕೋಟು ಕೇಳಿಕೊಂಡು ಯಾರೂ ಬರಲಿಲ್ಲ. ಟೇಪಣ್ಣ ಐದು ವರ್ಷ ಕಾದ. ನುಸಿ ಹತ್ತಿತು. ಇಸ್ತ್ರಿ ಮೇಜಿಗೆ ದಪ್ಪ ಉಣ್ಣೆ ಬೇಕಿತ್ತು. ಇದನ್ನೆಲ್ಲ ದಾರಿಯುದ್ದಕ್ಕೂ ಹೇಳುತ್ತ ನಡೆದ. ಹಿಂದೆ ಇಡೀ ಊರು ನಡೆಯಿತು.

ತಜ್ಞೆ ಅವನ ಅಂಗಡಿಯ ಮೇಜಿನ ಮೇಲಿಂದ ಬಿಳಿಯ ಬಟ್ಟೆ ಸರಿಸಿದಳು, ಅದರ ಕೆಳಗಿನ ಗೋಣಿಯ ಹೊಲಿಗೆ ಬಿಚ್ಚಿದಳು. ನೀಲಿ ಉಣ್ಣೆ ಕಂಡಿತು. ಒಂದು ತೋಳು, ಅರ್ಧ ಬೆನ್ನು, ನೆರಿಗೆಯೊಂದಿಗೆ. ಅದರ ಮೇಲೆ ಹದಿನೇಳು ವರ್ಷದ ಇಸ್ತ್ರಿ ಪೆಟ್ಟಿಗೆಯ ಕಂದು ಗುರುತುಗಳು, ಒಂದರ ಮೇಲೊಂದು, ದೋಣಿಗಳ ಸಾಲಿನಂತೆ. ಕಾಲರು ಎಲ್ಲಿ ಎಂದು ಕೇಳಿದಳು. ಟೇಪಣ್ಣ ಸೂಜಿ ಚುಚ್ಚುವ ಮೆತ್ತೆಯನ್ನು ಎದುರಿಗಿಟ್ಟ. ಗುಂಡಿಗಳು? ಅದರಲ್ಲಿ ನಾಲ್ಕನ್ನು ಒಬ್ಬ ದಪ್ಪ ಗಿರಾಕಿಯ ಓವರ್‌ಕೋಟಿಗೆ ಹಾಕಿದ್ದ. ದಪ್ಪ ಗಿರಾಕಿ ಗುಂಪಿನಲ್ಲೇ ಇದ್ದ. ಎಲ್ಲರೂ ಅವನತ್ತ ತಿರುಗಿದರು.

ಭೂತಗನ್ನಡಿ ಬಹಳ ಹೊತ್ತು ಉಣ್ಣೆಯ ಮೇಲೆ ಓಡಾಡಿತು. ಆಮೇಲೆ ತಜ್ಞೆ ಇದು ಅಸಲು ಎಂದಳು. ಆ ಕಾಲದ ನೇಯ್ಗೆ, ಆ ಕಾಲದ ಬಣ್ಣ, ಇಡೀ ರೈಲುಮಾರ್ಗದಲ್ಲಿ ಉಳಿದಿರುವ ಒಂದೇ ಒಂದು. ಚಾರಿತ್ರಿಕ ಪಟ್ಟಿಯ ವಿಷಯದಲ್ಲಿ ಇನ್ನು ಅನುಮಾನ ಬೇಡ ಎಂದಳು.

ಬೀದಿಯಲ್ಲಿ ಚಪ್ಪಾಳೆ. ಮೇಷ್ಟ್ರು ಮತ್ತು ಬುಕಿಂಗ್ ಅಕ್ಕ ಒಬ್ಬರನ್ನೊಬ್ಬರು ಅಭಿನಂದಿಸಿ, ಮರುಕ್ಷಣವೇ ತೋಳು ಯಾರಿಗೆ ಬೆನ್ನು ಯಾರಿಗೆ ಎಂದು ಜಗಳಕ್ಕೆ ನಿಂತರು. ಉಣ್ಣೆಯನ್ನು ಮೇಜಿನಿಂದ ಕೀಳುವುದು ಅಪಾಯ ಎಂದು ತಜ್ಞೆ ಹೇಳಿದ್ದರಿಂದ ನಾಲ್ಕು ಜನ ಮೇಜಿನ ಹಲಗೆಯನ್ನೇ ಬಿಚ್ಚಿ ಹೆಗಲಿಗೇರಿಸಿಕೊಂಡರು. ಮೇಷ್ಟ್ರು ನಿಂತ ನಿಂತಲ್ಲೇ ಹೊಸ ಚೀಟಿ ಬರೆದು ಓದಿದರು: 'ಮೊದಲ ಸ್ಟೇಷನ್ ಮಾಸ್ಟರರ ಕೋಟು. ಕತ್ತರಿಸಿ ಸುಟ್ಟವರು: ಈ ಊರಿನ ದರ್ಜಿ.'

ಎಲ್ಲರೂ ಸರಿ ಎಂದರು. ಟೇಪಣ್ಣ ಎರಡು ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ. ಹಲಗೆ ಹೊತ್ತವರೂ ನಿಂತರು.

"ಸುಟ್ಟಿದ್ದು ನಾನೇ, ಬರೀರಿ. ಆದ್ರೆ ಆ ತೋಳಿನ ಕಾಜಾ ನೋಡಿ ಮೇಡಮ್. ಇಲಿ ಕಡಿದ ಹಾಗಿದೆ. ಇಷ್ಟು ಕೆಟ್ಟ ಕಾಜಾ ನಾನು ಜನ್ಮದಲ್ಲಿ ಹಾಕಿಲ್ಲ. ಅದನ್ನೂ ಬರೀಬೇಕು. ಬರೀದೆ ಇದು ನನ್ನ ಹೊಸಿಲು ದಾಟಲ್ಲ."

ತಜ್ಞೆ ಭೂತಗನ್ನಡಿ ಹಿಡಿದು ನೋಡಿದಳು. ಮಾತು ಸರಿ ಎಂದು ಒಪ್ಪಿದಳು. ಮೇಷ್ಟ್ರು ಹಲ್ಲು ಕಚ್ಚಿಕೊಂಡು 'ಕಾಜಾ ಉತ್ತಮವಾಗಿಲ್ಲ' ಎಂದು ಸೇರಿಸಿದರು. ಟೇಪಣ್ಣ ದಾರಿ ಬಿಟ್ಟ. ಅವನಿಗೆ ಗೆದ್ದೆ ಅನ್ನಿಸಿತು. ಆ ಭಾವನೆ ಹಲಗೆ ಬೀದಿಯ ತಿರುವು ದಾಟುವ ತನಕ ಇತ್ತು.

ಸ್ವಲ್ಪ ಹೊತ್ತಿಗೆ ಯಾರೋ ಬಂದು ಎರಡು ನೀಲಿ ಕೋಟುಗಳನ್ನು ಅಂಗಡಿಯ ಜಗಲಿಯ ಮೇಲೆ ಎಸೆದು, ನಿಮ್ಮವೇ ಅಂದ್ರಲ್ಲ, ಇಟ್ಕೊಳ್ಳಿ, ಎಂದು ಹೋದರು. ಭಾಮೈದ ಚೀಲ ಎತ್ತಿಕೊಂಡು ಸ್ಟೇಷನ್ನಿಗೆ ಹೊರಟ. ಎಕ್ಸ್‌ಪ್ರೆಸ್ಸು ನಿಲ್ಲುವುದಾದರೆ ನಗರದಿಂದ ಇಲ್ಲಿಗೆ ಮೂರೇ ಗಂಟೆ, ಇನ್ನು ಪ್ರತಿ ಭಾನುವಾರ ಬರುತ್ತೇನೆ ಎಂದು ಅಕ್ಕನಿಗೆ ಮಾತು ಕೊಟ್ಟು ಹೋದ.

ಸಂಜೆಯಾಯಿತು. ಮರುದಿನ ಬೆಳಿಗ್ಗೆ ಶಾಲೆಗೆ ಕೊಡಬೇಕಾದ ಇಪ್ಪತ್ತು ಚಡ್ಡಿ ಇಸ್ತ್ರಿಗೆ ಕಾದಿದ್ದವು. ಮೇಜಿನ ನಾಲ್ಕು ಕಾಲು ಮಾತ್ರ ಉಳಿದಿದ್ದವು. ಹೆಂಡತಿ ಮನೆಯಿಂದ ಅಡುಗೆಮನೆಯ ಉದ್ದ ಹಲಗೆ ತಂದು ಅದರ ಮೇಲಿಟ್ಟು, ಬೋಳು ಮರದ ಮೇಲೆ ಇಸ್ತ್ರಿ ಮಾಡಲಾಗುವುದಿಲ್ಲ, ದಪ್ಪ ಉಣ್ಣೆ ಬೇಕು ಎಂದಳು. ಅವಳ ಕಣ್ಣು ಆ ಎರಡು ಕೋಟುಗಳ ಮೇಲೆ ಹೋಯಿತು. ಯಾರೂ ತೊಡದ, ಯಾರಿಗೂ ಬೇಡವಾದ ಒಳ್ಳೆಯ ದಪ್ಪ ಉಣ್ಣೆ. ಒಂದನ್ನು ಮಡಚಿ ಹಾಸಿದರೆ ಸಾಕು ಎಂದಳು.

"ಬೇಡ," ಎಂದ ಟೇಪಣ್ಣ.

ಕೋಟುಗಳನ್ನು ಕೊಡವಿ ಗೋಡೆಯ ಮೊಳೆಗೆ ಅಕ್ಕಪಕ್ಕ ತೂಗುಹಾಕಿದ. ಕಾಲರು ಸರಿಮಾಡಿದ. ಆಮೇಲೆ ತನ್ನ ಮೈಮೇಲಿನ ಅಂಗಿ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಹಲಗೆಯ ಮೇಲೆ ಹಾಸಿ, ಬನಿಯನ್ನಿನಲ್ಲಿ ನಿಂತು ಇಸ್ತ್ರಿ ಶುರುಮಾಡಿದ. ಮೂರನೆಯ ಚಡ್ಡಿಗೆ ಅಂಗಿಯ ಬೆನ್ನು ಕಂದಿ ಹೊಗೆ ಬಂತು. ಹೆಂಡತಿ ಅವನ ಮುಖ ನೋಡಿದಳು. ಅವನು ಅದು ಕಾಣಲೇ ಇಲ್ಲ ಎನ್ನುವಂತೆ ನಾಲ್ಕನೆಯ ಚಡ್ಡಿ ಎತ್ತಿಕೊಂಡ.